ಮೂಳೆಯ ಮೂಲಕ ಸಲೈನ್: ಐಒ ಸೂಜಿ ತರಬೇತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ತಾಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರ, ಆಂಬುಲೆನ್ಸ್ ಮತ್ತು ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಕೆಲಸ ಮಾಡುವವರು ತರಬೇತಿಗೆ ಬರುವ ಮುಂಚೆ, ಬಂದು ಹೋದ ಮೇಲೆ ಕೇಳುವ ಪ್ರಶ್ನೆಗಳಿವು. ಪುಟ ಸ್ವಲ್ಪ ಉದ್ದವಿದೆ. ಅವಸರ ಇದ್ದವರು "ಯಾವಾಗ ನಿರ್ಧರಿಸಬೇಕು" ಎಂಬುದನ್ನಾದರೂ ಓದಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಇದನ್ನಷ್ಟೇ ಓದಿಕೊಂಡು ರೋಗಿಯ ಕಾಲಿಗೆ ಸೂಜಿ ಹಾಕಲು ಹೋಗಬೇಡಿ. ಕೈಗೆ ಅಭ್ಯಾಸ ಬೇಕು, ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಬೇಕು.

ಐಒ ಅಂದರೆ ಏನು ಮಾಡುವುದು?

ಐಒ ಎಂದರೆ ಇಂಟ್ರಾಆಸಿಯಸ್, ಮೂಳೆಯೊಳಗೆ ಎಂದರ್ಥ. ಮೂಳೆಯ ಗಟ್ಟಿ ಹೊರಪದರ ದಾಟಿಸಿ ಒಳಗಿನ ಮಜ್ಜೆಯವರೆಗೆ ಒಂದು ದಪ್ಪ, ಗಿಡ್ಡ ಸೂಜಿ ಹಾಕುವುದು. ಮಜ್ಜೆಯಲ್ಲಿ ಸಣ್ಣ ರಕ್ತನಾಳಗಳ ಜಾಲವೇ ಇದೆ. ಅಲ್ಲಿಗೆ ಬಿಟ್ಟ ಸಲೈನ್, ರಕ್ತ, ಔಷಧಿ ಬೇಗನೆ ದೊಡ್ಡ ರಕ್ತನಾಳಗಳನ್ನು ಸೇರಿ ಹೃದಯ ತಲುಪುತ್ತದೆ. ರೋಗಿ ಶಾಕ್‌ನಲ್ಲಿದ್ದಾಗ, ಅಂದರೆ ಮೈಗೆ ಸಾಕಷ್ಟು ರಕ್ತ ಹರಿಯದಾಗ, ಕೈಯ ನರ (ಸಲೈನ್ ಹಾಕುವ ರಕ್ತನಾಳ) ನೀರಿಲ್ಲದ ರಬ್ಬರ್ ಪೈಪಿನಂತೆ ಚಪ್ಪಟೆಯಾಗುತ್ತದೆ. ಮಜ್ಜೆಯ ನಾಳಗಳ ಸುತ್ತ ಮೂಳೆಯ ಗೋಡೆ ಇರುವುದರಿಂದ ಅವು ಮುಚ್ಚಿಕೊಳ್ಳುವುದಿಲ್ಲ.

ಐವಿಯಲ್ಲಿ, ಅಂದರೆ ನೇರ ನರಕ್ಕೆ, ಕೊಡುವ ತುರ್ತು ಔಷಧಿಗಳನ್ನೆಲ್ಲ ಇದರಲ್ಲೂ ಕೊಡಬಹುದು. ಅಡ್ರಿನಲಿನ್, ಡೆಕ್ಸ್‌ಟ್ರೋಸ್, ಫಿಟ್ಸ್ ನಿಲ್ಲಿಸುವ ಮಿಡಾಜೊಲಾಮ್, ಆಂಟಿಬಯೋಟಿಕ್, ರಕ್ತ, ಎಲ್ಲವೂ. ಡೋಸ್ ಬದಲಾಗುವುದಿಲ್ಲ.

ಇದು ಈಚೆಗೆ ಬಂದ ವಿಧಾನವೇ?

ಅಲ್ಲ. 1922ರಲ್ಲೇ ಅಮೆರಿಕದ ಸಿಸಿಲ್ ಡ್ರಿಂಕರ್ ಮತ್ತು ಜೊತೆಗಾರರು ಮಜ್ಜೆಯಲ್ಲಿ ರಕ್ತ ಹೇಗೆ ಓಡಾಡುತ್ತದೆ ಎಂದು ಪ್ರಾಣಿಗಳಲ್ಲಿ ನೋಡಿದ್ದರು. ಎರಡನೇ ಮಹಾಯುದ್ಧದಲ್ಲಿ ಗಾಯಾಳು ಸೈನಿಕರಿಗೆ ಎದೆಮೂಳೆಯ ಮೂಲಕ ದ್ರವ ಕೊಟ್ಟರು. ಆಮೇಲೆ ಪ್ಲಾಸ್ಟಿಕ್ ಕ್ಯಾನುಲಾ ಬಂತು, ಎಲ್ಲರೂ ಇದನ್ನು ಮರೆತರು.

ಇದಕ್ಕೆ ಮತ್ತೆ ಜೀವ ಬಂದಿದ್ದರಲ್ಲಿ ನಮ್ಮ ದೇಶದ ಪಾತ್ರವೂ ಇದೆ. ಜೇಮ್ಸ್ ಓರ್ಲೋವ್ಸ್ಕಿ ಎಂಬ ಅಮೆರಿಕದ ಮಕ್ಕಳ ವೈದ್ಯರು ಭಾರತದಲ್ಲಿ ಕಾಲರಾ ಹಬ್ಬಿದ್ದ ಸಮಯದಲ್ಲಿ ಇಲ್ಲಿಗೆ ಬಂದಿದ್ದರು. ನರ ಸಿಗದ ರೋಗಿಗಳಿಗೆ ಮೂಳೆಯ ಮೂಲಕ ದ್ರವ ಕೊಡುವುದನ್ನು ಕಂಡರು. 1984ರಲ್ಲಿ ಅದರ ಬಗ್ಗೆ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅಲ್ಲಿಂದ ಮಕ್ಕಳ ತುರ್ತು ಚಿಕಿತ್ಸೆಯಲ್ಲಿ ಐಒ ಮತ್ತೆ ಜಾಗ ಪಡೆಯಿತು. ಈಗ ನಾವು ಇದನ್ನು ಈ ಸೂಜಿ ಹಾಕುವ ಡ್ರಿಲ್ ಮಾಡುವ ವಿದೇಶಿ ಕಂಪನಿಗಳ ಹೊಸ ಸರಕು ಅಂದುಕೊಂಡು ಕೂತಿದ್ದೇವೆ!

ನಮ್ಮ ಭಾಗಕ್ಕೆ ಇದು ಅಷ್ಟು ಬೇಕಾ?

ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ಯಾರಿಗೂ ಸುದ್ದಿಯಲ್ಲ. ಕುಡಿಯುವ ನೀರು ಕೆಟ್ಟು ವಾಂತಿಭೇದಿ ಹರಡಿದ್ದನ್ನು ರಾಯಚೂರು, ಕೊಪ್ಪಳ ಎರಡೂ ಕಡೆ ಕಂಡಿದ್ದೇವೆ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಸಿರುಗುಪ್ಪದ ಕಡೆಯ ಹಳ್ಳಿಯಿಂದ ಒಂದು ಕೂಸು ಆಸ್ಪತ್ರೆ ಸೇರುವ ಹೊತ್ತಿಗೆ ಕಣ್ಣು ಗುಳಿ ಬಿದ್ದಿರುತ್ತದೆ, ಕೈಕಾಲು ತಣ್ಣಗಾಗಿರುತ್ತವೆ. ನರ ಹುಡುಕುವುದೇ ಕಷ್ಟವಾಗುವುದು ಆಗಲೇ.

ದೊಡ್ಡವರ ಕಡೆ ಬಂದರೆ ಹೊಸಪೇಟೆ–ಬಳ್ಳಾರಿ ಹೆದ್ದಾರಿಯ ಅಪಘಾತಗಳು, ಸಂಡೂರಿನ ಗಣಿ ಕೆಲಸ, ತೋರಣಗಲ್ಲಿನ ಉಕ್ಕಿನ ಕೆಲಸ. ರಕ್ತ ಹೋದವರು, ಮೈ ಸುಟ್ಟುಕೊಂಡವರು. ಬಳ್ಳಾರಿಯ ದೊಡ್ಡಾಸ್ಪತ್ರೆಗೋ ರಾಯಚೂರು ರಿಮ್ಸ್‌ಗೋ ಕೊಪ್ಪಳದ ಕಿಮ್ಸ್‌ಗೋ ತಲುಪುವ ಮುಂಚಿನ ಒಂದು ಗಂಟೆ ನಿಮ್ಮ ಕೈಯಲ್ಲೇ ಇರುತ್ತದೆ.

ಯಾವಾಗ ನಿರ್ಧರಿಸಬೇಕು? ಎಷ್ಟು ಸಲ ನರ ಹುಡುಕಿದ ಮೇಲೆ?

ಇಡೀ ತರಬೇತಿಯ ತಿರುಳು ಇದು. ಸೂಜಿ ಹಾಕಲು ಕಲಿತ ಕೈಗೆ ಒಂದು ನಿಮಿಷ ಸಾಕು. ತಡವಾಗುವುದು "ಇನ್ನೊಂದು ಸಲ ನೋಡೋಣ, ಸಿಗಬಹುದು" ಎನ್ನುವ ಆಸೆಯಿಂದ. ಎಡಗೈ ಆಯಿತು, ಬಲಗೈ ಆಯಿತು, ಕಾಲು ಆಯಿತು, ತಲೆ ಬೋಳಿಸಿ ನೋಡಿದ್ದಾಯಿತು, "ಆ ಸಿಸ್ಟರ್ ಕೈಗುಣ ಚೆನ್ನಾಗಿದೆ, ಕರೀರಿ" ಎಂದಾಯಿತು. ಅಷ್ಟರಲ್ಲಿ 20 ನಿಮಿಷ ಹೋಗಿರುತ್ತದೆ. ಯಾರೂ ಸುಮ್ನೆ ಕೂತಿರುವುದಿಲ್ಲ, ಎಲ್ಲರೂ ದುಡಿಯುತ್ತಲೇ ಇರುತ್ತಾರೆ. ಅದಕ್ಕೇ ಸಮಯ ಹೋಗಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಮಗು ಶಾಕ್‌ನಲ್ಲಿದ್ದರೆ ಮೂರು ಪ್ರಯತ್ನ ಅಥವಾ 90 ಸೆಕೆಂಡ್, ಯಾವುದು ಮೊದಲೋ ಅದು ಎಂಬ ಹಳೆಯ ಲೆಕ್ಕವೊಂದಿದೆ. ತರಬೇತಿಯಲ್ಲಿ ನಾವು ಅದನ್ನೇ ಹಿಡಿದುಕೊಂಡಿದ್ದೇವೆ. ಹೃದಯ ನಿಂತ ಮಗುವಾದರೆ, ನರ ಕಣ್ಣಿಗೇ ಕಾಣದಿದ್ದರೆ, ಅಷ್ಟೂ ಕಾಯಬೇಕಿಲ್ಲ; ನೇರ ಐಒ ಹಾಕಬಹುದು.

90 ಸೆಕೆಂಡನ್ನು ಯಾರು ಎಣಿಸುತ್ತಾರೆ? ನರ ಹುಡುಕುತ್ತಿರುವವರಿಗೆ ಅದು ಸಾಧ್ಯವಿಲ್ಲ. ಅದಕ್ಕೆ ಅಭ್ಯಾಸದಲ್ಲಿ ಒಬ್ಬರ ಕೈಗೆ ಗಡಿಯಾರ ಮತ್ತು ಪೆನ್ನು ಕೊಟ್ಟು ನಿಲ್ಲಿಸುತ್ತೇವೆ. ಅವರು ಎಷ್ಟೇ ಕಿರಿಯರಿರಲಿ, "ಡಾಕ್ಟ್ರೇ, 90 ಸೆಕೆಂಡ್ ಆಯ್ತು, ಐಒ ತೆಗೀಲಾ?" ಎಂದು ಗಟ್ಟಿಯಾಗಿ ಕೇಳಲೇಬೇಕು. ಮೊದಮೊದಲು ಈ ಒಂದು ಸಾಲು ಬಾಯಿಂದ ಹೊರಡುವುದೇ ಇಲ್ಲ. ದೊಡ್ಡ ಡಾಕ್ಟರಿಗೆ ಹೀಗೆ ಹೇಳುವುದು ಹೇಗೆ ಎಂಬ ಅಳುಕು. ಮ್ಯಾನಿಕಿನ್ (ಅಭ್ಯಾಸದ ಬೊಂಬೆ) ಮುಂದೆ ಹೇಳಿ ರೂಢಿಯಾಗದಿದ್ದರೆ ಕ್ಯಾಶುವಾಲಿಟಿಯಲ್ಲಿ ಬಾಯಿಗೆ ಬರುತ್ತದೆ ಅನ್ನುವುದು ಸುಳ್ಳು.

ದೊಡ್ಡವರಲ್ಲೂ ಹೀಗೇ ಮಾಡಬೇಕಾ?

ಹೃದಯ ನಿಂತ ದೊಡ್ಡವರಲ್ಲಿ ಮೊದಲು ಐವಿಗೆ ನೋಡಿ, ಸಿಗದಿದ್ದರೆ ಐಒ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2020ರಿಂದ ಹೇಳುತ್ತಿದೆ. 2024ರಲ್ಲಿ ಬ್ರಿಟನ್ ಮತ್ತು ಡೆನ್ಮಾರ್ಕ್‌ನ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾದವು. ಆಸ್ಪತ್ರೆಯ ಹೊರಗೆ ಹೃದಯ ನಿಂತವರಿಗೆ ಮೊದಲೇ ಐಒ ಹಾಕಿದರೂ, ಮೊದಲು ಐವಿ ನೋಡಿದರೂ, 30 ದಿನಕ್ಕೆ ಬದುಕಿದ್ದವರ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಡ್ರಿಲ್ ಇದೆ ಎಂದು ಚೆನ್ನಾಗಿ ಕಾಣುವ ನರ ಬಿಡುವುದು ಬೇಡ. ನರ ಸಿಗದಾಗ ಐಒ ಇದೆ ಎಂಬುದನ್ನು ಮರೆಯುವುದೂ ಬೇಡ.

ಈಗಷ್ಟೇ ಹುಟ್ಟಿದ ಮಗುವಿಗೆ?

ಹೆರಿಗೆ ಕೋಣೆಯಲ್ಲಿ ಹೊಕ್ಕುಳಬಳ್ಳಿಯ ರಕ್ತನಾಳವೇ ಮೊದಲ ಆಯ್ಕೆ. ಅದು ಆಗದಿದ್ದಾಗ ಮಾತ್ರ ಐಒ. ಆ ಮೂಳೆ ತುಂಬಾ ಸಣ್ಣದು, ಸೂಜಿ ಆಚೆ ಬದಿಗೆ ಹೋಗಿಬಿಡುತ್ತದೆ. ಡ್ರಿಲ್ ಸೂಜಿಗಳನ್ನು 3 ಕೆಜಿಗಿಂತ ಕಡಿಮೆ ತೂಕದವರಿಗೆ ಮಾಡಿಲ್ಲ.

ಮ್ಯಾನಿಕಿನ್ ಮೇಲೆ ಕಲಿತದ್ದು ನಿಜವಾದ ಮಗುವಿನ ಹತ್ತಿರ ಉಪಯೋಗಕ್ಕೆ ಬರುತ್ತದಾ?

ಪ್ರಶ್ನೆ ತಿರುಗಿಸಿ ನೋಡಿ. ಐಒ ಬೇಕಾಗುವುದು ಅಪರೂಪಕ್ಕೆ. ವರ್ಷಕ್ಕೆ ಒಂದೋ ಎರಡೋ ಕೇಸ್ ಬರುವ ಆಸ್ಪತ್ರೆಯಲ್ಲಿ ರೋಗಿಯ ಮೇಲೆ ನೋಡಿ ಕಲಿಯಲು ಅವಕಾಶವೇ ಸಿಗುವುದಿಲ್ಲ. ಬಂದಾಗ ತಪ್ಪುವಂತಿಲ್ಲ. ಇಂಥ ಕೆಲಸಕ್ಕೆ ಅಣಕು ಅಭ್ಯಾಸ ಬಿಟ್ಟರೆ ಬೇರೆ ದಾರಿ ಇಲ್ಲ. 2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲೂ ಮಕ್ಕಳ ವಿಭಾಗದಲ್ಲಿ ಇದನ್ನು ಮ್ಯಾನಿಕಿನ್ ಮೇಲೆ ಮಾಡಿ ತೋರಿಸಬೇಕು ಎಂದಿದೆ. ಅದಕ್ಕಿಂತ ಮುಂಚೆ ಓದಿದವರು ಹಲವರು ಚಿತ್ರದಲ್ಲಷ್ಟೇ ನೋಡಿದ್ದಾರೆ.

ಮ್ಯಾನಿಕಿನ್‌ಗೂ ಮಿತಿ ಇದೆ. ಅದು ಅಳುವುದಿಲ್ಲ, ಒದೆಯುವುದಿಲ್ಲ. ಹಿಂದೆ ಯಾರೋ ಮಾಡಿಟ್ಟ ತೂತು ಕಾಣುತ್ತಿರುತ್ತದೆ, ಹಾಗಾಗಿ ಜಾಗ ಹುಡುಕುವ ಕೆಲಸವೇ ಇರುವುದಿಲ್ಲ. ಸೂಜಿ ಚುಚ್ಚುವ ಆ ಪ್ಯಾಡ್ ಬದಲಿಸುತ್ತಿರಬೇಕು. ಜಾಗ ಗುರುತಿಸುವುದನ್ನು ಮಾತ್ರ ನಾವು ನಿಜವಾದ ಮನುಷ್ಯರ ಕಾಲಿನ ಮೇಲೆ, ಸ್ಕೆಚ್ ಪೆನ್ನಿನಿಂದ ಮಾಡಿಸುತ್ತೇವೆ. ತೆಳ್ಳಗಿನವರು, ದಪ್ಪಗಿನವರು, ಚಿಕ್ಕ ಮಕ್ಕಳು, ಎಲ್ಲರ ಮೊಣಕಾಲೂ ಮುಟ್ಟಿ ನೋಡಬೇಕು.

ಒಬ್ಬರ ಮೇಲೊಬ್ಬರು ಸೂಜಿ ಹಾಕಿ ಅಭ್ಯಾಸ ಮಾಡಬಹುದಾ?

ಪೆನ್ನು ಮಾತ್ರ. ಸೂಜಿ ಬೇಡ.

ತರಬೇತಿಯಲ್ಲಿ ಏನೇನು ನಡೆಯುತ್ತದೆ?

ಮೊದಲು ಕಲಿಸುವವರು ಬಾಯಿ ಬಿಡದೆ ಒಮ್ಮೆ ಪೂರ್ತಿ ಮಾಡಿ ತೋರಿಸುತ್ತಾರೆ. ಎರಡನೇ ಸಲ ಒಂದೊಂದೇ ಹೆಜ್ಜೆ ಬಿಡಿಸಿ, ಕಾರಣ ಹೇಳುತ್ತಾ ಮಾಡುತ್ತಾರೆ. ಮೂರನೇ ಸಲ ನೀವು ಹೆಜ್ಜೆ ಹೇಳಬೇಕು, ಅವರು ಹೇಳಿದ ಹಾಗೆ ಮಾಡುತ್ತಾರೆ. ನಾಲ್ಕನೇ ಸಲ ನಿಮ್ಮ ಕೈ. ಮೂರನೆಯದೇ ಹೆಚ್ಚು ಮಜಾ. ನೀವು "ಫ್ಲಶ್ ಮಾಡಿ" (ಸಲೈನ್ ಜೋರಾಗಿ ತಳ್ಳಿ ದಾರಿ ತೆರೆಯುವುದು) ಎಂದು ಹೇಳಲು ಮರೆತರೆ ಅವರು ಫ್ಲಶ್ ಮಾಡುವುದಿಲ್ಲ, ಸುಮ್ನೆ ನಿಮ್ಮ ಮುಖ ನೋಡುತ್ತಾ ನಿಲ್ಲುತ್ತಾರೆ.

ಆಮೇಲೆ ಇಡೀ ತಂಡಕ್ಕೆ ಒಂದು ಸನ್ನಿವೇಶ. ನಮ್ಮ ಮಾಮೂಲಿ ಸನ್ನಿವೇಶ ಇದು: ಎಂಟು ತಿಂಗಳ ಮಗು, 8 ಕೆಜಿ ತೂಕ, ನಿನ್ನೆಯಿಂದ ವಾಂತಿಭೇದಿ, ಈಗ ಎಚ್ಚರವಿಲ್ಲ, ನಾಡಿ ಸಣ್ಣಗೆ ಓಡುತ್ತಿದೆ. ಅಪೌಷ್ಟಿಕತೆ ಇಲ್ಲ. ಡಾಕ್ಟರ್ ಒಬ್ಬರು, ಸಿಸ್ಟರ್ ಇಬ್ಬರು, ಬರೆದುಕೊಳ್ಳುವವರು ಒಬ್ಬರು. ಉಸಿರಾಟ ನೋಡಿ ಆಕ್ಸಿಜನ್ ಹಾಕುತ್ತಾರೆ. ನರ ಸಿಗುವುದಿಲ್ಲ. ಗಡಿಯಾರ ಓಡುತ್ತದೆ.

ಐಒ ಹಾಕಿದ ಕೂಡಲೇ ಹಲವರು ಗೆದ್ದೆವು ಎಂದು ನಿಂತುಬಿಡುತ್ತಾರೆ. ಕೆಲಸ ಶುರುವಾಗುವುದು ಈಗ. ಕೆಜಿಗೆ 20 ಎಂಎಲ್ ಎಂದರೆ 160 ಎಂಎಲ್ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ದ್ರವ) ಹೋಗಬೇಕು. ಬಾಟಲಿ ತೂಗುಹಾಕಿದರೆ ಮಗುವಿನ ಮೂಳೆಯಲ್ಲಿ ಅದು ಹನಿಹನಿಯಾಗಿ ಇಳಿಯುತ್ತದೆ. ತ್ರೀ-ವೇ (ಮೂರು ದಾರಿಯ ಪುಟ್ಟ ನಲ್ಲಿ) ಹಾಕಿ 20 ಎಂಎಲ್ ಸಿರಿಂಜಿನಲ್ಲಿ ಎಂಟು ಸಲ ಎಳೆದು ತಳ್ಳಬೇಕು. ಯಾರು ತಳ್ಳುತ್ತಾರೆ, ಯಾರು ಎಣಿಸುತ್ತಾರೆ, ಮಧ್ಯೆ ನಾಡಿ, ಉಸಿರು, ಲಿವರ್ ಯಾರು ನೋಡುತ್ತಾರೆ? ಇದನ್ನು ಮಾಡಿ ನೋಡದೆ ಗೊತ್ತಾಗುವುದಿಲ್ಲ. ಸಕ್ಕರೆ ಪರೀಕ್ಷೆ ಮರೆಯುವವರೂ ಜಾಸ್ತಿ.

ಮಗು ತೀವ್ರ ಅಪೌಷ್ಟಿಕತೆಯದ್ದಾದರೆ ಲೆಕ್ಕ ಬೇರೆ. ದ್ರವ ಕಡಿಮೆ, ನಿಧಾನ. ಆ ಸನ್ನಿವೇಶವನ್ನು ಬೇರೆಯಾಗಿಯೇ ಮಾಡಿಸುತ್ತೇವೆ.

ಕೊನೆಗೆ ಎಲ್ಲರೂ ಕೂತು ಮಾತು. ಯಾರದು ತಪ್ಪು ಎಂದು ಹುಡುಕುವ ಮಾತಲ್ಲ. ಯಾವ ನಿಮಿಷದಲ್ಲಿ ಏನಾಯಿತು, ಆಗ ನಿಮ್ಮ ತಲೆಯಲ್ಲಿ ಏನಿತ್ತು ಎಂದು ಕೇಳುತ್ತೇವೆ. ಸೂಜಿ ಹಾಕಿದ ಹೊತ್ತಿಗಿಂತ ಈ ಮಾತಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಜಾಗ ಗುರುತಿಸುವುದು ಹೇಗೆ?

ಮಕ್ಕಳಲ್ಲಿ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ. ಮೊಣಕಾಲು ಚಿಪ್ಪಿನ ಕೆಳಗೆ ಬೆರಳಾಡಿಸಿದರೆ ಒಂದು ಉಬ್ಬು ಸಿಗುತ್ತದೆ. ಅದರಿಂದ 1–2 ಸೆಂಟಿಮೀಟರ್ ಕೆಳಗೆ, ಒಳಬದಿಗೆ, ಚಪ್ಪಟೆ ಜಾಗ. ಕೂಸುಗಳಲ್ಲಿ ಉಬ್ಬು ಸಿಗದಿದ್ದರೆ ಚಿಪ್ಪಿನಿಂದ ಎರಡು ಬೆರಳು ಕೆಳಗೆ, ಒಂದು ಬೆರಳು ಒಳಗೆ. ಮೇಲಕ್ಕೆ ಹೋದರೆ ಮೂಳೆ ಬೆಳೆಯುವ ಜಾಗಕ್ಕೆ ಪೆಟ್ಟಾಗಬಹುದು, ಹಾಗಾಗಿ ಸೂಜಿ ನೇರವಾಗಿರಲಿ ಅಥವಾ ತುದಿ ಸ್ವಲ್ಪ ಪಾದದ ಕಡೆಗಿರಲಿ.

ದೊಡ್ಡವರಲ್ಲಿ ಚಿಪ್ಪಿನ ಕೆಳ ಅಂಚಿನಿಂದ ಸುಮಾರು 3 ಸೆಂಟಿಮೀಟರ್ ಕೆಳಗೆ, 2 ಸೆಂಟಿಮೀಟರ್ ಒಳಬದಿಗೆ. ಪಾದದ ಕೀಲಿನ ಒಳಬದಿಯ ಗಂಟಿನ ಮೇಲ್ಭಾಗ, ತೋಳಿನ ಮೂಳೆಯ ತಲೆ, ಇವೂ ಇವೆ. ತೋಳಿನಲ್ಲಿ ದ್ರವ ಜೋರಾಗಿ ಹೋಗುತ್ತದೆ, ಆದರೆ ಜಾಗ ಹಿಡಿಯಲು ಹೆಚ್ಚು ಅಭ್ಯಾಸ ಬೇಕು. ಎದೆಮೂಳೆಗೆ ಅದಕ್ಕೆಂದೇ ಮಾಡಿದ ಸಾಧನ ಬೇಕು. ಮಾಮೂಲಿ ಐಒ ಸೂಜಿಯನ್ನು ಅಲ್ಲಿಗೆ ಹಾಕಲೇಬಾರದು.

ಮೊಣಕಾಲಿನ ಕೆಳಗೆ ಟವೆಲ್ ಮಡಿಸಿ ಇಡಿ. ನಿಮ್ಮ ಇನ್ನೊಂದು ಕೈ ಕಾಲಿನ ಅಡಿಯಲ್ಲಿ ಇರಬಾರದು. ಪುಟ್ಟ ಕಾಲಿನ ಆಚೆಗೆ ಸೂಜಿ ಹೊರಬಂದರೆ ಮೊದಲು ಸಿಗುವುದು ನಿಮ್ಮ ಅಂಗೈ. ತರಬೇತಿಯಲ್ಲಿ ಕೈ ಅಡಿಗೆ ಹೋಯಿತೆಂದರೆ ಅಲ್ಲಿಗೇ ನಿಲ್ಲಿಸಿ ಮೊದಲಿನಿಂದ ಮಾಡಿಸುತ್ತೇವೆ, ಸೀನಿಯರ್ ಆದರೂ ಬಿಡುವುದಿಲ್ಲ.

ನಮ್ಮಲ್ಲಿ ಮ್ಯಾನಿಕಿನ್ ಇಲ್ಲ. ಕೋಳಿ ಕಾಲಿನ ಮೇಲೆ ಕಲಿಯಬಹುದಾ?

ಧಾರಾಳವಾಗಿ. ಎಷ್ಟೋ ದೇಶಗಳಲ್ಲಿ ಹಾಗೇ ಕಲಿಸುತ್ತಾರೆ. ಚರ್ಮ ಬಿಡಿಸದ ಇಡೀ ಕಾಲು ಕೇಳಿ ತನ್ನಿ. ಬ್ರಾಯ್ಲರ್ ಮೂಳೆ ಮೆತ್ತಗಿರುತ್ತದೆ, ಕೂಸಿನ ಮೂಳೆಯ ಅಂದಾಜಿಗೆ ಅದು ಆದೀತು. ಜವಾರಿ ಕೋಳಿಯ ಮೂಳೆ ಗಟ್ಟಿ, ಒತ್ತಡ ಎಷ್ಟು ಬೇಕೆಂದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ದೊಡ್ಡವರ ಮೂಳೆಗೆ, ಡ್ರಿಲ್ ಅಭ್ಯಾಸಕ್ಕೆ ಕುರಿ ಕಾಲು ಸರಿ. ಸೂಪಿಗೆಂದು ಕೇಳಿದರೆ ಮಟನ್ ಅಂಗಡಿಯವರು ತುಂಡು ಮಾಡಿಯೇ ಕೊಡುತ್ತಾರೆ, "ಕಡೀಬ್ಯಾಡ್ರಿ, ಹಂಗೇ ಇರಲಿ" ಎಂದು ಮೊದಲೇ ಹೇಳಿ.

ಮೂಳೆಯ ಒಂದು ತುದಿ ಕತ್ತರಿಸಿ, ಇನ್ನೊಂದು ತುದಿಯ ಹತ್ತಿರ ಸೂಜಿ ಹಾಕಿ, ಬಣ್ಣದ ನೀರು ತಳ್ಳಿ. ಕತ್ತರಿಸಿದ ತುದಿಯಿಂದ ಬಣ್ಣ ಹನಿಯುತ್ತಾ ಬಂದರೆ ಸೂಜಿ ಮಜ್ಜೆಯಲ್ಲಿದೆ. ಮಾಂಸ ಉಬ್ಬಿದರೆ ಹೊರಗಿದೆ. ತಪ್ಪಿದ್ದು ಕಣ್ಣಿಗೇ ಕಾಣುತ್ತದೆ. ದುಬಾರಿ ಪ್ಲಾಸ್ಟಿಕ್ ಕಾಲಿಗಿಂತ ಇದೇ ನಮಗೆ ಹೆಚ್ಚು ಇಷ್ಟ.

ಗ್ಲೌಸ್ ಹಾಕಿ, ಕೈ ತೊಳೆಯಿರಿ. ಬೇಸಿಗೆಯಲ್ಲಿ ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನ ಎರಡಕ್ಕೆ ಇಟ್ಟರೆ ಬಳ್ಳಾರಿಯ ಸೆಕೆಯಲ್ಲಿ ಕೋಣೆಯೊಳಗೆ ನಿಲ್ಲಲಾಗುವುದಿಲ್ಲ. ಮುಗಿದ ಮೇಲೆ ಮೂಳೆ ಹಳದಿ ಚೀಲಕ್ಕೆ, ಸೂಜಿ ತೂತಾಗದ ಬಿಳಿ ಡಬ್ಬಿಗೆ. ಕಾಂಪೌಂಡ್ ಆಚೆ ಎಸೆದರೆ ಊರಿನ ನಾಯಿಗಳೆಲ್ಲ ನಿಮ್ಮ ಸ್ಕಿಲ್ ಲ್ಯಾಬಿನ ವಿಳಾಸ ಕಲಿತುಬಿಡುತ್ತವೆ.

ಇನ್ನೊಂದು ಎಚ್ಚರಿಕೆ: ಅಭ್ಯಾಸಕ್ಕೆ ಬಳಸಿದ ಸೂಜಿ ಯಾವ ಕಾರಣಕ್ಕೂ ಕ್ರ್ಯಾಶ್ ಟ್ರಾಲಿಗೆ (ತುರ್ತು ಸಾಮಾನಿನ ಗಾಡಿಗೆ) ವಾಪಸ್ ಹೋಗಬಾರದು. "ತರಬೇತಿಗೆ ಮಾತ್ರ" ಎಂದು ಕೆಂಪು ಟೇಪ್ ಸುತ್ತಿ, ಬೇರೆ ಡಬ್ಬಿಯಲ್ಲಿ ಬೀಗ ಹಾಕಿಡಿ.

ನಾವು ಮಾಂಸ ಮುಟ್ಟುವವರಲ್ಲ. ಬೇರೆ ದಾರಿ ಇದೆಯಾ?

ಇದೆ. ಸಂಕೋಚ ಬೇಡ, ಮೊದಲೇ ಹೇಳಿ. ಶ್ರಾವಣದಲ್ಲಿ ಕೇಳುವವರು ಇನ್ನೂ ಜಾಸ್ತಿ. ಬದಲಿಸಬಹುದಾದ ಪ್ಯಾಡ್ ಇರುವ ಪ್ಲಾಸ್ಟಿಕ್ ಕಾಲು ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ವೈರಿಂಗ್‌ಗೆ ಬಳಸುವ ತೆಳು ಪಿವಿಸಿ ಪೈಪಿನೊಳಗೆ ಒದ್ದೆ ಸ್ಪಂಜು ತುಂಬಿ, ಮೇಲೆ ಫೋಮ್ ಸುತ್ತಿ. ಡ್ರಿಲ್ ಆಳ ಕಲಿಯಲು ಅದು ಸಾಕು. ಕೈಸೂಜಿ ಅದರ ಮೇಲೆ ಜಾರುತ್ತದೆ, ಅದಕ್ಕೆ ಪ್ಲಾಸ್ಟಿಕ್ ಮೂಳೆಯೇ ಬೇಕು.

ಡ್ರಿಲ್ ಇಲ್ಲದೆ ಆಗುವುದಿಲ್ಲವೇ?

ಆಗುತ್ತದೆ. ಬ್ಯಾಟರಿ ಡ್ರಿಲ್ ವೇಗವಾಗಿ, ಸಲೀಸಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ಅದರ ಒಂದೊಂದು ಸೂಜಿಗೂ ಸಾವಿರಗಟ್ಟಲೆ ರೂಪಾಯಿ. ಕೈಯಲ್ಲಿ ತಿರುಗಿಸುವ ಐಒ ಸೂಜಿ ಅಥವಾ 15–18 ಗೇಜಿನ ಬೋನ್ ಮ್ಯಾರೋ ಸೂಜಿ ಮಕ್ಕಳಿಗೆ ಸಾಕಾಗುತ್ತದೆ. ಅವೂ ಇಲ್ಲದ ಕಡೆ ಚಿಕ್ಕ ಮಕ್ಕಳಿಗೆ ದಪ್ಪ ಇಂಜೆಕ್ಷನ್ ಸೂಜಿಯನ್ನೇ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಣ್ಣ ಆಸ್ಪತ್ರೆಗಳಿಗೆ ಹೇಳಿದೆ. ಅದರೊಳಗೆ ಸ್ಟೈಲೆಟ್ (ಸೂಜಿಯ ತೂತು ಮುಚ್ಚುವ ಒಳಕಡ್ಡಿ) ಇಲ್ಲದ್ದರಿಂದ ಮೂಳೆಯ ಚೂರು ಸಿಕ್ಕಿ ಕಟ್ಟಿಕೊಳ್ಳುವ ಸಾಧ್ಯತೆ ಇರುತ್ತದೆ.

ಕೈಸೂಜಿಯನ್ನು ಒತ್ತುತ್ತಾ ಅತ್ತಿತ್ತ ತಿರುಗಿಸಿ, ಅಲ್ಲಾಡಿಸಬೇಡಿ. ಅಲ್ಲಾಡಿಸಿದರೆ ತೂತು ಅಗಲವಾಗಿ ಸುತ್ತಲಿಂದ ಸೋರುತ್ತದೆ. ಗಟ್ಟಿ ಪದರ ದಾಟಿದ ಕೂಡಲೇ ಕೈಗೆ ಸಡಿಲ ಅನ್ನಿಸುತ್ತದೆ, ಅಲ್ಲೇ ನಿಲ್ಲಿಸಿ. ಹೊಸಬರು ಆ ಸಡಿಲ ಬಂದ ಮೇಲೂ ಒತ್ತುತ್ತಾರೆ. ಕೋಳಿ ಕಾಲಿನಲ್ಲಿ ನಾಲ್ಕೈದು ಸಲ ಆಚೆ ಬದಿಗೆ ಹೋದ ಮೇಲೆ ಕೈ ತಾನೇ ನಿಲ್ಲುತ್ತದೆ.

ಡ್ರಿಲ್ ಇದ್ದವರಿಗೆ ಒಂದು ಮಾತು. ಸೂಜಿ ಚರ್ಮ ದಾಟಿ ಮೂಳೆಗೆ ತಾಗಿದಾಗ, ಡ್ರಿಲ್ ಒತ್ತುವ ಮುಂಚೆ, ಸೂಜಿಯ ಮೇಲಿನ 5 ಮಿಲಿಮೀಟರ್ ಕಪ್ಪು ಗೆರೆ ಚರ್ಮದ ಹೊರಗೆ ಕಾಣಬೇಕು. ಕಾಣದಿದ್ದರೆ ಆ ಸೂಜಿ ಗಿಡ್ಡವಾಯಿತು, ಉದ್ದದ್ದು ತೆಗೆಯಿರಿ. ಮತ್ತೆ, ಜೋರಾಗಿ ಒತ್ತಬೇಡಿ. ಕೆಲಸ ಮೋಟಾರಿನದು.

ಸೂಜಿ ಸರಿ ಜಾಗದಲ್ಲಿದೆ ಎಂದು ಗೊತ್ತಾಗುವುದು ಹೇಗೆ?

ಹಿಡಿಯದೆ ನಿಲ್ಲುತ್ತದೆ. ಸಿರಿಂಜ್ ಹಚ್ಚಿ ಎಳೆದರೆ ಮಜ್ಜೆಯ ರಕ್ತ ಬರಬಹುದು. ಬರದಿದ್ದರೂ ಸೂಜಿ ಸರಿಯಿರಬಹುದು, ಅದಕ್ಕೇ ಗಾಬರಿಯಾಗಿ ಕೀಳಬೇಡಿ. ದೊಡ್ಡವರಲ್ಲಿ 5–10 ಎಂಎಲ್, ಮಕ್ಕಳಲ್ಲಿ 2–5 ಎಂಎಲ್ ಸಲೈನ್ ಜೋರಾಗಿ ಫ್ಲಶ್ ಮಾಡಿ. ಹಾಗೆ ಮಾಡುವಾಗ ಇನ್ನೊಂದು ಕೈಯಿಂದ ಮೀನಖಂಡ ಮುಟ್ಟಿ ನೋಡಿ. ಅಲ್ಲಿ ಉಬ್ಬಿದರೆ ದ್ರವ ಮೂಳೆಯ ಹೊರಗೆ ಹೋಗುತ್ತಿದೆ. ತಕ್ಷಣ ನಿಲ್ಲಿಸಿ, ತೆಗೆದು, ಇನ್ನೊಂದು ಕಾಲಿಗೆ ಹೋಗಿ. ಅದೇ ಮೂಳೆಗೆ ಮತ್ತೆ ಹಾಕುವಂತಿಲ್ಲ, ಮೊದಲ ತೂತಿನಿಂದ ಸೋರುತ್ತದೆ.

ಮೀನಖಂಡ ಮುಟ್ಟುವುದು ಒಂದೇ ಸಲದ ಕೆಲಸವಲ್ಲ. ದ್ರವ ಹೋಗುತ್ತಿರುವಷ್ಟು ಹೊತ್ತೂ ಮತ್ತೆ ಮತ್ತೆ ನೋಡಬೇಕು. ಒಳಗೆ ಒತ್ತಡ ಹೆಚ್ಚಾಗಿ ಕಾಲಿಗೇ ಕುತ್ತು ಬರುವುದು ಅಪರೂಪ, ಆದರೆ ಬಂದಾಗ ಬಹಳ ಸಲ ಕಾರಣ ಯಾರೂ ಮುಟ್ಟಿ ನೋಡದೇ ಇದ್ದದ್ದು.

ಸೂಜಿ ಸರಿಯಿದೆ, ಆದರೂ ಸಲೈನ್ ಇಳಿಯುತ್ತಿಲ್ಲ.

ಫ್ಲಶ್ ಮಾಡಿದಿರಾ? ಇನ್ನೊಮ್ಮೆ ಮಾಡಿ. ಆಮೇಲೆ ಪ್ರೆಷರ್ ಬ್ಯಾಗ್ 300 ಎಂಎಂಎಚ್‌ಜಿಗೆ ಏರಿಸಿ. ಬ್ಯಾಗ್ ಇಲ್ಲದಿದ್ದರೆ ಬಿಪಿ ಕಫ್ ಅನ್ನು ಪ್ಲಾಸ್ಟಿಕ್ ಬಾಟಲಿಗೆ ಸುತ್ತಿ ಊದಿ. ಮಕ್ಕಳಿಗಾದರೆ ಸಿರಿಂಜೇ ಸರಿ, ಎಷ್ಟು ಹೋಯಿತೆಂಬ ಲೆಕ್ಕವೂ ಕೈಯಲ್ಲಿರುತ್ತದೆ.

ಎಚ್ಚರ ಇರುವವರಿಗೆ ನೋವಾಗುವುದಿಲ್ಲವೇ?

ಆಗುತ್ತದೆ. ಚುಚ್ಚುವಾಗಿನದಕ್ಕಿಂತ ದ್ರವ ತಳ್ಳುವಾಗಿನ ನೋವು ಜಾಸ್ತಿ. ಎಚ್ಚರವಿರುವ ದೊಡ್ಡವರಿಗೆ ಫ್ಲಶ್ ಮುಂಚೆ ಪ್ರಿಸರ್ವೇಟಿವ್ ಇಲ್ಲದ, ಅಡ್ರಿನಲಿನ್ ಬೆರೆಸದ 2% ಲಿಗ್ನೋಕೇನ್ (ಮರಗಟ್ಟಿಸುವ ಔಷಧಿ) 40 ಮಿಲಿಗ್ರಾಂ ಎರಡು ನಿಮಿಷದಲ್ಲಿ ನಿಧಾನವಾಗಿ ಕೊಟ್ಟು, ಒಂದು ನಿಮಿಷ ಬಿಟ್ಟು ಫ್ಲಶ್ ಮಾಡುವುದು ರೂಢಿ. ಮಕ್ಕಳಿಗೆ ಕೆಜಿಗೆ 0.5 ಮಿಲಿಗ್ರಾಂ, 40 ಮೀರಬಾರದು. ನಿಮ್ಮ ಡಾಕ್ಟರ್ ಬರೆದ ನಂತರವೇ ಕೊಡಿ. ಪ್ರಜ್ಞೆ ಇಲ್ಲದ, ಹೃದಯ ನಿಂತ ರೋಗಿಗೆ ಇದಕ್ಕಾಗಿ ಕಾಯಬೇಡಿ.

ಮನೆಯವರು ಹೆದರುತ್ತಾರೆ. ಹೇಗೆ ಹೇಳುವುದು?

ಸನ್ನಿವೇಶದಲ್ಲಿ ಒಬ್ಬರನ್ನು ಅಜ್ಜಿಯ ಪಾತ್ರಕ್ಕೆ ನಿಲ್ಲಿಸುತ್ತೇವೆ. ಅವರ ಕೆಲಸ ಸರಿಯಾದ ಹೊತ್ತಿಗೆ ಮುಂದೆ ಬಂದು, "ಏನ್ ಮಾಡಾಕತ್ತೀರಿ ಯಪ್ಪಾ, ಕೂಸಿನ ಎಲುಬಿಗೆ ಯಾಕ ಚುಚ್ಚತೀರಿ?" ಎಂದು ಅಳುವುದು. ಡಾಕ್ಟರ್ ಡ್ರಿಲ್ ಹಿಡಿದು ನಿಂತಿರುತ್ತಾರೆ, ಉತ್ತರ ಗೊತ್ತಿರುವುದಿಲ್ಲ.

ಒಬ್ಬ ಸಿಸ್ಟರ್ ಅಜ್ಜಿಯ ಪಕ್ಕಕ್ಕೆ ಹೋಗಬೇಕು. "ಅಮ್ಮಾ, ಮೈಯಾಗ ನೀರು ಕಮ್ಮಿಯಾಗಿ ಕೈಯಾಗಿನ ನರ ಸಿಗವಲ್ದು. ಎಲುಬಿನಾಗಿಂದ ಸಲೈನ್ ಹಚ್ಚಿದ್ರ ಲಗೂನ ಹೋಗ್ತದ. ನರ ಸಿಕ್ಕ ಮ್ಯಾಲ ಈ ಸೂಜಿ ತಗೀತೀವಿ, ಕಾಲಿಗೆ ಊನ ಆಗಬಾರದಂತ ನೋಡಕೋತೀವಿ." ಇಷ್ಟು ಸಾಕು. "ಏನೂ ಆಗಲ್ಲ" ಎಂದು ಮಾತ್ರ ಹೇಳಬೇಡಿ. ಡ್ರಿಲ್ ಇದ್ದರೆ ಅದರ ಸದ್ದು ಬರುತ್ತದೆ ಎಂದು ಮೊದಲೇ ತಿಳಿಸಿ. ಆ ಸದ್ದಿಗೇ ಜನ ಹೆಚ್ಚು ಬೆಚ್ಚುತ್ತಾರೆ.

ಯಾರಿಗೆ ಹಾಕಬಾರದು?

ಮುರಿದ ಮೂಳೆಗೆ ಬೇಡ. ಕಳೆದ 24–48 ಗಂಟೆಯಲ್ಲಿ ಐಒ ಹಾಕಿದ ಅದೇ ಮೂಳೆಗೆ ಬೇಡ. ಮೇಲಿನ ಚರ್ಮದಲ್ಲಿ ಕೀವು ಇದ್ದರೆ, ಒಳಗೆ ರಾಡ್ ಅಥವಾ ಕೃತಕ ಕೀಲು ಇದ್ದರೆ, ಜಾಗವೇ ಕೈಗೆ ಸಿಗದಿದ್ದರೆ ಬೇರೆ ಕಡೆ ನೋಡಿ. ಸುಮ್ಮಸುಮ್ಮನೆ ಮೂಳೆ ಮುರಿಯುವ ಹುಟ್ಟುಕಾಯಿಲೆ ಇರುವ ಮಕ್ಕಳಿಗೂ ಬೇಡ. ಹಾವು ಕಚ್ಚಿ ಊದಿಕೊಂಡ ಕಾಲನ್ನೂ ಬಿಡಿ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಗಳಿಂದ ಬರುವವರಲ್ಲಿ ಇದು ನೆನಪಿರಲಿ.

ಐಒ ಹಾಕಲೇ ಆಗದಿದ್ದರೆ?

ಭೇದಿಯಿಂದ ತೀವ್ರ ನಿರ್ಜಲೀಕರಣವಾದ ಮಗುವಿಗೆ ಮೂಗಿನ ನಳಿಕೆಯಲ್ಲಿ ಓಆರ್‌ಎಸ್ ಶುರುಮಾಡಿ: ಗಂಟೆಗೆ ಕೆಜಿಗೆ 20 ಎಂಎಲ್. ಐವಿ ಸಿಗದ ಕಡೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಾರಿ ಇದು. ಆಂಬುಲೆನ್ಸ್ ಬರಲಿ ಎಂದು ಬರಿಗೈಯಲ್ಲಿ ಕಾಯುವುದಕ್ಕಿಂತ ಎಷ್ಟೋ ಮೇಲು.

ನರ್ಸ್‌ಗಳು, ಆಂಬುಲೆನ್ಸ್ ಸಿಬ್ಬಂದಿ ಹಾಕಬಹುದಾ?

ನಿಮ್ಮ ಸಂಸ್ಥೆಯ ಲಿಖಿತ ಆದೇಶದಲ್ಲಿ ಇದ್ದರೆ. ಬಾಯಿಮಾತು ಸಾಲದು. ಹಾಕುವ ಅಧಿಕಾರ ಇಲ್ಲದವರಿಗೂ ತರಬೇತಿ ಬೇಕು: ಸಾಮಾನು ಜೋಡಿಸುವುದು, ಎಕ್ಸ್‌ಟೆನ್ಶನ್ ಟ್ಯೂಬಿನ ಗಾಳಿ ತೆಗೆದಿಡುವುದು, ಕಾಲು ಹಿಡಿಯುವುದು, ಮೀನಖಂಡ ನೋಡುವುದು ಎಲ್ಲ ಅವರದೇ ಕೆಲಸ. ಸೂಜಿ ಎಲ್ಲಿದೆ ಎಂದು ಸಿಸ್ಟರಿಗೆ ಗೊತ್ತಿಲ್ಲದ ಆಸ್ಪತ್ರೆಯಲ್ಲಿ ಡಾಕ್ಟರಿಗೆ ತರಬೇತಿ ಕೊಟ್ಟು ಏನು ಉಪಯೋಗ?

ಆ ಮಜ್ಜೆಯ ರಕ್ತವನ್ನು ಲ್ಯಾಬಿಗೆ ಕಳಿಸಬಹುದಾ?

ಸಕ್ಕರೆ, ಹಿಮೋಗ್ಲೋಬಿನ್, ಬ್ಲಡ್ ಗ್ರೂಪ್‌ಗೆ ಕಳಿಸಬಹುದು. ಬಿಳಿ ರಕ್ತಕಣ, ಪ್ಲೇಟ್‌ಲೆಟ್, ಪೊಟ್ಯಾಸಿಯಂ ನಂಬಬೇಡಿ. ಮಜ್ಜೆಯ ಸ್ಯಾಂಪಲ್ ಎಂದು ಚೀಟಿಯ ಮೇಲೆ ಬರೆಯಿರಿ, ಅದರ ಚೂರುಗಳು ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತವೆ.

ಒಮ್ಮೆ ಕಲಿತರೆ ಸಾಕಾ? ಸರ್ಟಿಫಿಕೇಟ್ ಎರಡು ವರ್ಷಕ್ಕೆ ಇದೆಯಲ್ಲ?

ಸರ್ಟಿಫಿಕೇಟಿನ ಅವಧಿಯೇ ಬೇರೆ, ಕೈಯ ನೆನಪೇ ಬೇರೆ. ಬಳಸದ ಕೌಶಲ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ. ವರ್ಷಕ್ಕೊಮ್ಮೆ ಇಡೀ ದಿನದ ದೊಡ್ಡ ಕಾರ್ಯಾಗಾರ, ಬ್ಯಾನರ್, ದೀಪ ಬೆಳಗುವುದು, ಹಾರ, ಭಾಷಣ ಮಾಡುವುದಕ್ಕಿಂತ ಮೂರು ತಿಂಗಳಿಗೊಮ್ಮೆ ಡ್ಯೂಟಿ ಬದಲಾಗುವ ಹೊತ್ತಿನಲ್ಲಿ 15 ನಿಮಿಷ ಸಾಕು. ಒಂದು ಕೋಳಿ ಕಾಲು, ಒಂದು ಸೂಜಿ, ಒಂದು ಗಡಿಯಾರ. ನಿಮ್ಮದೇ ಕ್ಯಾಶುವಾಲಿಟಿಯಲ್ಲಿ, ನಿಮ್ಮದೇ ಟ್ರಾಲಿಯಿಂದ ಸಾಮಾನು ತೆಗೆದು ಮಾಡಿ. ಬ್ಯಾಟರಿ ಸತ್ತಿದೆ, ತ್ರೀ-ವೇ ಖಾಲಿಯಾಗಿದೆ, ಬೀಗದ ಕೈ ಸ್ಟೋರ್ ಕೀಪರ್ ಹತ್ತಿರ ಇದೆ ಎಂಬುದೆಲ್ಲ ಆಗ ಹೊರಬೀಳುತ್ತದೆ.

ರೆಫರ್ ಮಾಡುವಾಗ ಏನು ನೋಡಿಕೊಳ್ಳಬೇಕು?

ಸೂಜಿಯನ್ನು ಗಟ್ಟಿಯಾಗಿ ಟೇಪ್ ಮಾಡಿ, ಕಾಲಿಗೆ ಸ್ಪ್ಲಿಂಟ್ ಕಟ್ಟಿ. ಟೇಪಿನ ಅಡಿಯಲ್ಲಿ ಮೀನಖಂಡ ಮುಚ್ಚಿಹೋಗಬಾರದು. ಹಾಕಿದ ಸಮಯವನ್ನು ಕಾಲಿನ ಮೇಲೆ ಟೇಪಿನಲ್ಲೂ, ರೆಫರಲ್ ಚೀಟಿಯಲ್ಲೂ ಬರೆಯಿರಿ. ದಾರಿಯಲ್ಲಿ ರಸ್ತೆ ಉಬ್ಬು ಹಾರಿದ ಪ್ರತಿ ಸಲವೂ ಒಮ್ಮೆ ಮುಟ್ಟಿ ನೋಡಿ. ಆ ಕಡೆಯ ಆಸ್ಪತ್ರೆಗೆ ಫೋನಿನಲ್ಲೇ "ಐಒ ಲೈನ್ ಇದೆ" ಎಂದು ತಿಳಿಸಿ. ವಿಫಲವಾದ ಪ್ರಯತ್ನವಿದ್ದರೆ ಅದು ಯಾವ ಕಾಲು ಎಂದೂ ಹೇಳಬೇಕು.

ತೆಗೆಯುವುದನ್ನೂ ಕಲಿಸುತ್ತೀರಾ?

ಕಲಿಸುತ್ತೇವೆ. ಸರಿಯಾದ ಐವಿ ಸಿಕ್ಕ ಕೂಡಲೇ ಐಒ ತೆಗೆಯಬೇಕು. ಸಾಮಾನ್ಯವಾಗಿ 24 ಗಂಟೆ ದಾಟಿಸುವುದಿಲ್ಲ. ಹೆಚ್ಚು ಹೊತ್ತು ಇಟ್ಟಷ್ಟೂ ಮೂಳೆಗೆ ಸೋಂಕು ತಗಲುವ ಭಯ. ಡ್ರಿಲ್ ಸೂಜಿಯಾದರೆ ಅದಕ್ಕೆ ಲಾಕ್ ಇರುವ ಸಿರಿಂಜ್ ಹಚ್ಚಿ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸುತ್ತಾ ನೇರವಾಗಿ ಎಳೆಯಿರಿ. ಅಲ್ಲಾಡಿಸಿದರೆ ಸೂಜಿ ಒಳಗೇ ಮುರಿಯಬಹುದು. ಐದು ನಿಮಿಷ ಒತ್ತಿ ಹಿಡಿದು ಡ್ರೆಸ್ಸಿಂಗ್ ಹಾಕಿ. ಮುಂದಿನ ದಿನಗಳಲ್ಲಿ ಆ ಜಾಗ ಕೆಂಪಾದರೆ, ಊದಿದರೆ, ಜ್ವರ ಬಂದರೆ ತಕ್ಷಣ ಬರಬೇಕೆಂದು ಮನೆಯವರಿಗೆ ಹೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಿ.